ಐದು ಹಳದಿಗೆ ನಾಲ್ಕು ಕೆಂಪು

ನಮ್ಮವ್ವನ ಖಾನಾವಳಿಯ ಗೋಡೆಗೆ ಒಂದು ಕರಿಹಲಗೆ ತೂಗುಹಾಕಿತ್ತು. ಊಟದ ದರಪಟ್ಟಿ ಇರಬೇಕೆಂದು ಓದಲು ಹೋದವರು ಪೆಚ್ಚಾಗುತ್ತಿದ್ದರು. ಅದರ ಮೇಲೆ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಇದ್ದದ್ದು ಒಂದೇ ಸಾಲು: ಐದು ಹಳದಿಗೆ ನಾಲ್ಕು ಕೆಂಪು. ಆ ಸಾಲು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕೊನೆಗೊಂದು ದಿನ ನಾನೇ ಒದ್ದೆ ಬಟ್ಟೆಯಿಂದ ಅದನ್ನು ಅಳಿಸಿ ಹಾಕಿದೆ. ಅಳಿಸಿದ್ದರಿಂದ ಏನಾಯಿತು ಎಂದು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ತಪ್ಪು ಒಪ್ಪಿಕೊಳ್ಳುವುದರಲ್ಲಿ ನಾನು ಸ್ವಲ್ಪ ನಿಧಾನ.

ನಾವು ಲಿಂಗಸುಗೂರು ಕಡೆಯವರು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಹೈದರಾಬಾದಿಗೆ ಬಂದು, ಹಿಮಾಯತ್‌ನಗರದ ಅಂಗಡಿಸಾಲಿನ ಹಿಂದಿನ ಗಲ್ಲಿಯಲ್ಲಿ ಖಾನಾವಳಿ ಇಟ್ಟಳು. ಎರಡು ವರ್ಷ ಕಳೆದ ಮೇಲೆ ಅವಳ ತಂಗಿ, ಅಂದರೆ ನಮ್ಮ ಚಿಗವ್ವ, ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ತೆರೆದಳು. ರೊಟ್ಟಿ ಬಡಿಯುವುದನ್ನು ಚಿಗವ್ವನಿಗೆ ಕಲಿಸಿದ್ದು ಅವ್ವನೇ. ಆದರೆ ಚಿಗವ್ವನ ತಾಟಿನಲ್ಲಿ ಐದು ರೊಟ್ಟಿ, ಗಟ್ಟಿ ಮೊಸರು, ಸೋಮವಾರಕ್ಕೊಂದು ಹೋಳಿಗೆ ಇರುತ್ತಿದ್ದವು. ಅವ್ವನ ತಾಟಿನಲ್ಲಿ ನಾಲ್ಕು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಒಂದು ಲೋಟ ಮಜ್ಜಿಗೆ. ರುಚಿಯಲ್ಲಿ ಅವ್ವನದೇ ಮೇಲು ಎಂದು ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ.

ಖಾನಾವಳಿಗಳಲ್ಲಿ ತಿಂಗಳ ಊಟಕ್ಕೆ ಮೊದಲೇ ದುಡ್ಡು ತೆಗೆದುಕೊಂಡು ಕೂಪನ್ ಪುಸ್ತಕ ಕೊಡುವ ಪದ್ಧತಿ. ಒಂದು ಊಟಕ್ಕೆ ಒಂದು ಕೂಪನ್ ಹರಿದು ಕೊಡಬೇಕು. ಅವ್ವನ ಕೂಪನ್ ಹಳದಿ, ಚಿಗವ್ವನದು ಕೆಂಪು. ಗಿರಾಕಿಗಳು ಬಹುಪಾಲು ನಮ್ಮ ಕಡೆಯವರೇ. ಕೆಲಸಕ್ಕೆಂದು ಊರೆಲ್ಲ ತಿರುಗುವವರು ಹಸಿವಾದಾಗ ಹತ್ತಿರ ಇದ್ದ ಖಾನಾವಳಿಗೆ ನುಗ್ಗುತ್ತಿದ್ದರು. ಹಳದಿ ಹಿಡಿದವನು ಮೆಹದಿಪಟ್ಟಣಂನಲ್ಲಿ ಉಂಡರೆ ನಾಲ್ಕು ಊಟಕ್ಕೆ ಐದು ಹಳದಿ ಬಿಚ್ಚಬೇಕು. ಕೆಂಪು ಹಿಡಿದವನು ಹಿಮಾಯತ್‌ನಗರಕ್ಕೆ ಬಂದರೆ ನಾಲ್ಕಕ್ಕೆ ಐದು ಊಟ. ಹಲಗೆಯ ಮೇಲಿದ್ದದ್ದು ಈ ಲೆಕ್ಕ.

ಪ್ರತಿ ಅಮಾವಾಸ್ಯೆ ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಚಿಗವ್ವ ಹಳದಿ ಕೂಪನ್‌ಗಳನ್ನು ಹಿಟ್ಟಿನ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಳು. ಅಕ್ಕತಂಗಿ ಮೊದಲು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಕೈ ತೊಳೆದ ಮೇಲೇ ಚೀಲ ಬಿಚ್ಚುವುದು. ನಂತರ ಶುರುವಾಗುತ್ತಿತ್ತು ಚೌಕಾಸಿ.

“ಅಕ್ಕಾ, ಈ ಸಲ ನಿನ್ನ ಹಳದಿ ನನ್ನ ಕಡೆ ಭಾಳ ಬಿದ್ದಾವು. ಆರಕ್ಕ ನಾಕು ಮಾಡು.”

“ನಿನ್ನ ಬಾಯಾಗ ಮಣ್ಣ ಹಾಕ. ಹೋಳಿಗಿ ತಿನಿಸಿ ನನ್ನ ಗಿರಾಕಿ ಕರಕೊಂಡಾಕಿ ನೀನು.”

ಹೀಗೆ ಒಬ್ಬರನ್ನೊಬ್ಬರು ಬೈದು, ನಕ್ಕು, ದರವನ್ನು ಒಂದಿಷ್ಟು ಅತ್ತಿತ್ತ ಸರಿಸುತ್ತಿದ್ದರು. ಹಳದಿಯ ಬೆಲೆ ಇಳಿದ ತಿಂಗಳು ಮೆಹದಿಪಟ್ಟಣಂನ ಊಟ ನಮ್ಮ ಗಿರಾಕಿಗಳಿಗೆ ತುಟ್ಟಿಯಾಗಿ ಅವರು ನಮ್ಮಲ್ಲೇ ಉಣ್ಣುತ್ತಿದ್ದರು. ಅಲ್ಲಿಯವರು ಅಗ್ಗವೆಂದು ಇಲ್ಲಿಗೆ ಬರುತ್ತಿದ್ದರು. ಮರು ಅಮಾವಾಸ್ಯೆಗೆ ಹಳದಿ ರಾಶಿ, ಕೆಂಪು ರಾಶಿ ಹೆಚ್ಚುಕಡಿಮೆ ಸಮವಾಗಿರುತ್ತಿದ್ದವು. ಅದರ ಹಿಂದೆ ಒಂದು ಜಾಣತನವಿದೆ ಎಂದು ನನಗೆ ಹೊಳೆದಿರಲಿಲ್ಲ. ನನಗೆ ಕಂಡದ್ದು ಇಷ್ಟೇ: ಅಕ್ಕನ ಊಟ ತಂಗಿಯ ಊಟಕ್ಕಿಂತ ಕಡಿಮೆ ಎಂದು ನಮ್ಮವ್ವ ತಾನೇ ಗೋಡೆಯ ಮೇಲೆ ಬರೆಸಿ ಹಾಕಿಕೊಂಡಿದ್ದಾಳೆ.

ಆ ಹೊತ್ತಿಗೆ ನನಗೆ ಮಾದಾಪುರದಲ್ಲಿ ಪ್ರೋಗ್ರಾಮರ್ ಕೆಲಸ ಸಿಕ್ಕಿತ್ತು. ಕಂಪ್ಯೂಟರುಗಳನ್ನು ಎರಡು ಸಾವಿರದ ಇಸವಿಗೆ ದಾಟಿಸುವ ವೈಟುಕೆ ಗದ್ದಲ ಮುಗಿದು ಯೂರೋ ಗದ್ದಲ ಶುರುವಾಗಿತ್ತು. ಯುರೋಪಿನ ಹಲವು ದೇಶಗಳು ತಮ್ಮ ತಮ್ಮ ನಾಣ್ಯ ಬಿಟ್ಟು ಒಂದೇ ನಾಣ್ಯಕ್ಕೆ ಬರುತ್ತಿದ್ದವು. ಅಲ್ಲಿನ ಕಂಪನಿಗಳ ಲೆಕ್ಕದ ಪ್ರೋಗ್ರಾಮುಗಳಲ್ಲಿ ಲಿರಾ ಇದ್ದಲ್ಲಿ, ಮಾರ್ಕ್ ಇದ್ದಲ್ಲಿ ಯೂರೋ ಕೂರಿಸುವುದು ನಮ್ಮ ಕೆಲಸ. ದಿನವಿಡೀ ದರದ ಪಟ್ಟಿಗಳನ್ನು ಅಳಿಸುವುದೇ ಅಳಿಸುವುದು. ದೇಶದೇಶಗಳೇ ಈ ಹೆಚ್ಚುಕಡಿಮೆಯ ರಗಳೆ ಬಿಟ್ಟಿರುವಾಗ ನಮ್ಮ ಮನೆಯ ಇಬ್ಬರು ಹೆಂಗಸರಿಗೆ ಏನು ಕಷ್ಟ ಎಂದು ನನ್ನ ತಲೆಗೆ ಹುಳ ಹೊಕ್ಕಿತು.

ಒಂದು ಅಮಾವಾಸ್ಯೆ ಇಬ್ಬರನ್ನೂ ಕೂರಿಸಿಕೊಂಡು ಭಾಷಣ ಬಿಗಿದೆ. ಎರಡೂ ಕಡೆ ಒಂದೇ ಕೂಪನ್. ಯಾರು ಮಾರಿದರೂ ಒಂದೇ ಬೆಲೆ, ಎಲ್ಲಿ ಉಂಡರೂ ಒಂದು ಊಟಕ್ಕೆ ಒಂದು. ಯಾರಲ್ಲಿ ಕೂಪನ್ ಹೆಚ್ಚು ಬೀಳುತ್ತದೋ ಅವರಿಗೆ ಇನ್ನೊಬ್ಬರು ಅಮಾವಾಸ್ಯೆಗೆ ದುಡ್ಡು ಕೊಟ್ಟರಾಯಿತು. “ಅಕ್ಕ ಹೆಂಗಂದ್ರ ಹಂಗ” ಎಂದಳು ಚಿಗವ್ವ. ಅವ್ವ ಮಾತ್ರ ಹಲಗೆಯನ್ನೇ ನೋಡುತ್ತಿದ್ದಳು.

“ಅಂದ್ರ ನಂದೂ ಆಕೀದೂ ಸಮ?” ಎಂದು ಕೇಳಿದಳು.

“ಸಮನ ಅವ್ವಾ. ಯಾಕ, ನೀ ಕಡಿಮಿ ಏನು?”

ಅವ್ವ ಮತ್ತೇನೂ ಕೇಳದೆ “ಹೂಂ, ಮಾಡು” ಎಂದಳು. ನಾನು ಅಲ್ಲೇ ಬಟ್ಟೆ ಒದ್ದೆ ಮಾಡಿ ಹಲಗೆ ಒರೆಸಿದೆ. ಹಿಟ್ಟಿನ ಡಬ್ಬಿಗಳ ಹಿಂದೆ ಅದನ್ನು ದೂಡಿ, ಮರುದಿನವೇ ಹಸಿರು ಕೂಪನ್ ಅಚ್ಚು ಹಾಕಿಸಿದೆ. ಅದರ ಅಂಚಿಗೆ ಒಂದು ಬಳ್ಳಿ ಬೇರೆ ಬಿಡಿಸಿದ್ದೆ. ನನ್ನಷ್ಟು ಬುದ್ಧಿವಂತೆ ಇಡೀ ಹೈದರಾಬಾದಿನಲ್ಲಿಲ್ಲ ಎಂಬ ನಂಬಿಕೆ ಆಗ.

ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಎರಡೂ ಕಡೆ ಸಲ್ಲುವ ಕೂಪನ್ ಎಂದು ಗಿರಾಕಿಗಳು ಖುಷಿಪಟ್ಟು ಎರಡೆರಡು ಪುಸ್ತಕ ಕೊಂಡರು. ಅವರಲ್ಲಿ ಹೆಚ್ಚಿನವರ ರೂಮು ನಮ್ಮ ಸುತ್ತಮುತ್ತಲೇ ಇದ್ದುದರಿಂದ ಪುಸ್ತಕ ಕೊಳ್ಳುತ್ತಿದ್ದದ್ದು ಅವ್ವನಲ್ಲಿ. ಅವ್ವನ ಗಲ್ಲಾಪೆಟ್ಟಿಗೆ ತುಂಬಿತು. ಆ ದುಡ್ಡಿನಲ್ಲಿ ಸ್ಟೀಲಿನ ಟೇಬಲ್, ಮೂರು ಫ್ಯಾನು, ಗೋಡೆಗೆ ಬಣ್ಣ ಬಂದವು. ನಾನೇ ಮುಂದೆ ನಿಂತು ಕೊಡಿಸಿದೆ. ಇನ್ನೂ ಉಣ್ಣದ ಊಟಗಳ ದುಡ್ಡು ಅದು ಎಂದು ಹೇಳುವವರು ಯಾರೂ ಇರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ.

ಆಫೀಸುಗಳು ಒಂದೊಂದಾಗಿ ಮಾದಾಪುರದ ಕಡೆಗೆ ಹೋದವು. ಸಂಜೆ ವಾಪಸಾಗುವಾಗ ನಮ್ಮ ಗಿರಾಕಿಗಳು ಬಸ್ಸು ಬದಲಿಸುತ್ತಿದ್ದದ್ದು ಮೆಹದಿಪಟ್ಟಣಂನಲ್ಲಿ. ಅದೇ ಹಸಿರು ಕೂಪನ್ನಿಗೆ ಅಲ್ಲಿ ಐದನೆಯ ರೊಟ್ಟಿ, ಗಟ್ಟಿ ಮೊಸರು ಸಿಗುವಾಗ ಹಸಿದವರು ಇನ್ನೊಂದು ಬಸ್ಸು ಹತ್ತಿ ಬಂದು ನಮ್ಮ ಮಜ್ಜಿಗೆ ಯಾಕೆ ಕುಡಿದಾರು? ಚಿಗವ್ವನಲ್ಲಿ ಕೂಪನ್ ರಾಶಿ ಬೀಳತೊಡಗಿತು. ಅಮಾವಾಸ್ಯೆಗೆ ಬಂದು ಎಣಿಸಿದಾಗ ಅವ್ವನ ಮುಖ ಸಣ್ಣದಾಗುತ್ತಿತ್ತು. ಅದನ್ನು ನೋಡಲಾರದೆ ಚಿಗವ್ವ, “ಇರ್ಲಿ ಬಿಡ ಅಕ್ಕಾ, ಮುಂದಿನ ಅಮಾಸಿಗಿ ನೋಡೂಣು” ಎಂದು ಚೀಲ ಕಟ್ಟಿಕೊಂಡು ಹೋಗುತ್ತಿದ್ದಳು. ಹಿರಿಯಕ್ಕನಿಗೆ ದುಡ್ಡು ಕೊಡು ಎಂದು ಕೇಳುವ ಬಾಯಿ ಅವಳಿಗಿರಲಿಲ್ಲ. ನನ್ನಲ್ಲಿಲ್ಲ ಎಂದು ಹೇಳುವ ಬಾಯಿ ಅವ್ವನಿಗಿರಲಿಲ್ಲ. ಹೀಗೆ ಮುಂದಿನ ಅಮಾವಾಸ್ಯೆಗಳು ಸಾಲುಗಟ್ಟಿದವು.

ಗಿರಾಕಿಗಳನ್ನು ಉಳಿಸಿಕೊಳ್ಳಲು ಅವ್ವ ತಾನೂ ಐದನೆಯ ರೊಟ್ಟಿ ಶುರು ಮಾಡಿದಳು. ಕೂಪನ್ನಿನ ಬೆಲೆ ಇಳಿಸುವಂತಿರಲಿಲ್ಲ, ಅದು ಇಬ್ಬರದೂ ಆಗಿತ್ತು. ಐದನೆಯ ರೊಟ್ಟಿಯ ಖರ್ಚು ಎಲ್ಲಿಂದಲಾದರೂ ಬರಬೇಕಲ್ಲ? ಯಾದಗಿರಿ ಕಡೆಯ ಒಬ್ಬಾಕೆ ನಮ್ಮಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಅವಳ ಕೂಲಿ ಸ್ವಲ್ಪ ತಗ್ಗಿಸಿದಳು. ಹತ್ತು ದಿನ ಸುಮ್ಮನಿದ್ದವಳು ಒಂದು ಮುಂಜಾನೆ ಬಂದು, “ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮೆಹದಿಪಟ್ಟಣಂದಾಗ ನಿಮ್ಮ ತಂಗ್ಯಾರ ಜಾಸ್ತಿ ಕೊಡ್ತಾರ” ಎಂದು ಅಳುತ್ತಲೇ ಹೊರಟುಹೋದಳು. ಅಂದಿನಿಂದ ರೊಟ್ಟಿಯನ್ನೆಲ್ಲ ಅವ್ವ ಒಬ್ಬಳೇ ಬಡಿದಳು. ಮಣಿಕಟ್ಟು ಊದಿಕೊಂಡರೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ನಾನು ಕೇಳಿದರೆ “ಬಿಸಿಬಿಸಿ ಹಂಚು ತಾಗೇತಿ” ಎಂದು ಸುಳ್ಳು ಹೇಳುತ್ತಿದ್ದಳು.

ನಂತರ ಬಂತು ನಿಜವಾದ ಕುತ್ತು. ಚಿಗವ್ವನ ಖಾನಾವಳಿಯ ಜಾಗದ ಮಾಲೀಕ ದೊಡ್ಡ ಮೊತ್ತದ ಅಡ್ವಾನ್ಸ್ ಕೇಳಿದ. ಕೊಡದಿದ್ದರೆ ಜಾಗ ಮೊಬೈಲ್ ಅಂಗಡಿಯವರಿಗೆ. ಅವಳು ಫೋನ್ ಮಾಡಿದ್ದು ಅವ್ವನಿಗಲ್ಲ, ನನಗೆ, ಆಫೀಸಿಗೆ.

“ಅಕ್ಕಗ ಹೆಂಗ ಹೇಳ್ಲೆವ್ವಾ? ನನ್ನ ಕಡೆ ರೊಕ್ಕಿಲ್ಲ. ಇದ್ದದ್ದೆಲ್ಲಾ ಕೂಪನ್ ಆಗಿ ಕುಂತೈತಿ. ಈ ಅಮಾಸಿಗಿ ಅಕ್ಕ ಕೊಡಬೇಕ ಕೊಡಬೇಕು.”

ಅಮಾವಾಸ್ಯೆಗೆ ನಾಲ್ಕು ದಿನ ಇತ್ತು. ಅವ್ವ ಕೊಡಬೇಕಾದರೆ ಒಲೆ, ಪಾತ್ರೆ, ಟೇಬಲ್ ಎಲ್ಲ ಮಾರಿ ಹಿಮಾಯತ್‌ನಗರದ ಬಾಗಿಲು ಮುಚ್ಚಬೇಕಿತ್ತು. ಗಂಡ ಸತ್ತ ಮೇಲೆ ಯಾರ ಮನೆಯ ಮೂಲೆಯಲ್ಲೂ ಕೂರದೆ ಬದುಕಿದ್ದೇನೆ ಎಂದು ಅವ್ವ ಹೇಳಿಕೊಳ್ಳುತ್ತಿದ್ದದ್ದು ಆ ಬಾಗಿಲನ್ನು ತೋರಿಸಿ. ಕೊಡದಿದ್ದರೆ ತಂಗಿಯ ಬಾಗಿಲು ಮುಚ್ಚುತ್ತಿತ್ತು. ನಾನು ಕೂಡಿಟ್ಟಿದ್ದೆಲ್ಲ ಸೇರಿಸಿದರೂ ಅರ್ಧಕ್ಕೆ ನಿಲ್ಲುತ್ತಿತ್ತು.

ಅದೇ ವಾರ ನಮ್ಮ ಕೆಲಸ ಪರೀಕ್ಷಿಸಲು ಇಟಲಿಯ ಒಂದು ಚರ್ಮದ ಸಾಮಾನಿನ ಕಂಪನಿಯಿಂದ ನಡುವಯಸ್ಸಿನ ಹೆಂಗಸೊಬ್ಬಳು ಬಂದಿದ್ದಳು. ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿಯನ್ನು ಕುತೂಹಲದಿಂದ ಮುರಿದು ತಿಂದಳು. ಕರವಸ್ತ್ರ ತೆಗೆಯುವಾಗ ನನ್ನ ಚೀಲದಿಂದ ಒಂದು ಹಸಿರು ಕೂಪನ್ ಬಿತ್ತು. ಅದೇನೆಂದು ಕೇಳಿದಳು. ಅಂಥ ಸ್ಥಿತಿಯಲ್ಲೂ ನನ್ನ ಜಂಬ ಹೋಗಿರಲಿಲ್ಲ ನೋಡಿ, ನಿಮ್ಮ ಯೂರೋ ನೋಡಿ ನಾನೇ ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದೆ.

ಅವಳು ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ರಾಶಿ ಯಾರ ಮನೆಯಲ್ಲಿ ಬೀಳುತ್ತಿದೆ?”

“ಚಿಗವ್ವನ ಮನೆಯಲ್ಲಿ” ಎಂದೆ. ಅವಳು ರೊಟ್ಟಿ ಮುರಿಯುತ್ತಲೇ ಹೇಳಿದಳು: “ನಮ್ಮ ಲಿರಾ ಬಿದ್ದಾಗಲೆಲ್ಲ ನಮ್ಮಪ್ಪ ಪೇಪರ್ ಎಸೆದು ಮಾನ ಹೋಯಿತು ಎನ್ನುತ್ತಿದ್ದರು. ಆದರೆ ಅದು ಬಿದ್ದರೆ ಜರ್ಮನಿಯ ಮೆಶಿನ್ ನಮಗೆ ತುಟ್ಟಿ, ನಮ್ಮ ಚಪ್ಪಲಿ ಅವರಿಗೆ ಅಗ್ಗ. ನಾವು ಅವರಿಂದ ಕೊಳ್ಳುವುದು ಕಡಿಮೆಯಾಗಿ, ಅವರಿಗೆ ಮಾರುವುದು ಹೆಚ್ಚುತ್ತಿತ್ತು. ಅಂತರ ಅಷ್ಟಿಷ್ಟು ಮುಚ್ಚುತ್ತಿತ್ತು. ಒಂದೇ ನಾಣ್ಯದಿಂದ ಅನುಕೂಲ ಇಲ್ಲ ಅನ್ನುವುದಿಲ್ಲ. ದರ ಬದಲಿಸುವ ಕಿರಿಕಿರಿ ಇಲ್ಲ, ಸಾಲವೂ ಸುಲಭ. ಆದರೆ ಇನ್ನು ಬೀಳುವುದಕ್ಕೆ ನಮ್ಮದು ಅಂತ ಒಂದು ದುಡ್ಡಿಲ್ಲ.”

“ಹಾಗಾದರೆ ಏನು ಬೀಳುತ್ತದೆ?” ಎಂದೆ.

“ಕೂಲಿ. ಇಲ್ಲವೇ ಅಂಗಡಿ. ಜನ ಕೆಲಸ ಇರುವ ಕಡೆ ಎದ್ದು ಹೋಗುತ್ತಾರೆ. ಎದುರಿನವರು ‘ಇರಲಿ, ಆಮೇಲೆ ಕೊಡಿ’ ಅನ್ನುವಷ್ಟು ದಿನ ಯಾರಿಗೂ ಗೊತ್ತಾಗುವುದಿಲ್ಲ.”

ಅವಳು ಹೇಳುತ್ತಿದ್ದದ್ದು ಇನ್ನೂ ಬರಬೇಕಾದ ಸಂಗತಿ, ಅವಳ ದೇಶದ ಅಂಜಿಕೆ. ನನಗೆ ಕಾಣುತ್ತಿದ್ದದ್ದು ಅವ್ವನ ಊದಿದ ಮಣಿಕಟ್ಟು, ಅಳುತ್ತ ಹೋದ ರೊಟ್ಟಿಯಾಕೆ, ಚಿಗವ್ವನ ‘ಇರ್ಲಿ ಬಿಡ ಅಕ್ಕಾ’. ಅವಮಾನ ಎಂದು ನಾನು ಅಳಿಸಿದ ಆ ಸಾಲೇ ಅವ್ವನನ್ನು ಅಷ್ಟು ವರ್ಷ ಕಾಯ್ದಿತ್ತು. ಎದ್ದು ಹೋಗಿ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಅಳು ನಿಂತ ಮೇಲೆ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಕನ್ನಡಿ ನೋಡಿಕೊಳ್ಳಲಾಗಲಿಲ್ಲ.

ಅಮಾವಾಸ್ಯೆಯ ದಿನ ರಜೆ ಹಾಕಿದೆ. ಮೂರು ಗಂಟೆಗೆ ಚಿಗವ್ವ ಬಂದಳು. ಒಂದು ಚೀಲದ ಜಾಗದಲ್ಲಿ ಎರಡು ಚೀಲ. ಅವ್ವ ಎಂದಿನಂತೆ ಒಂದು ತಾಟಿಗೆ ಬಡಿಸಿ ಇಟ್ಟಿದ್ದಳು. ಚಿಗವ್ವ ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು, “ಅಕ್ಕಾ, ಇವತ್ತ ಮೊದಲ ಮಾತಾಡೂಣು” ಎಂದಳು. ಅಷ್ಟು ವರ್ಷದಲ್ಲಿ ಉಣ್ಣದೆ ಚೀಲ ಬಿಚ್ಚಿದ್ದು ಅದೇ ಮೊದಲು. ತಾಟಿನ ಮೇಲೆ ನೊಣ ಕೂರುತ್ತಿದ್ದರೂ ಯಾರೂ ಓಡಿಸಲಿಲ್ಲ.

ಅವಳು ಅಡ್ವಾನ್ಸಿನ ವಿಷಯ ಹೇಳಿ ಮುಗಿಸುವುದರೊಳಗೆ ಅವ್ವ ಗ್ಯಾಸ್ ಒಲೆಯ ಕಡೆ ಕೈ ತೋರಿಸಿದಳು.

“ಒಲಿ ಒಯ್ಯಿ. ಹಂಚು ಒಯ್ಯಿ. ಟೇಬಲ್, ಫ್ಯಾನು ಮಾರಿ ಉಳದದ್ದು ಕೊಡತೀನಿ.”

“ನಿನ್ನ ಒಲಿ ಒಯ್ದು ನಾ ಏನ ಉಣ್ಲಿ ಅಕ್ಕಾ? ನೀ ಏನ ಮಾಡ್ತಿ?”

“ನಿನ್ನ ಕಡೆ ಬಂದು ರೊಟ್ಟಿ ಬಡೀತೀನಿ. ಆ ಯಾದಗಿರಿಯಾಕಿ ಬಾಜೂಕ ಕುಂದ್ರತೀನಿ.”

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಎಲ್ಲ ನನ್ನಿಂದಲೇ ಆದದ್ದು, ನನ್ನ ಕಿಡಿಗೇಡಿ ಬುದ್ಧಿಯಿಂದ ಎಂದು ಕೂಗಿಕೊಂಡೆ. ಬ್ಯಾಂಕಿನಿಂದ ತಂದಿದ್ದ ಹಣದ ಲಕೋಟೆಯನ್ನು ಚಿಗವ್ವನ ಕೈಗೆ ತುರುಕಿ, ಅರ್ಧ ಈಗ ಕೊಡು, ಉಳಿದದ್ದಕ್ಕೆ ಮಾಲೀಕನ ಕಾಲು ಹಿಡಿಯೋಣ ಎಂದೆ. ಅವ್ವ ನನ್ನನ್ನು ಬೈಯುತ್ತಾಳೆ ಎಂದು ಕಾದಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನೀ ಹೇಳಿದ್ದು ಖರೆ, ಆದ್ರ ಒಪ್ಪಿದಾಕಿ ನಾನು” ಎಂದಳು. “ಸಮ ಅಂದಿ ನೋಡು, ಅದು ನನಗ ಭಾಳ ಹಿಡಿಸ್ತು. ತಂಗೀಕಿಂತ ಕಡಿಮಿ ಅಂತ ದಿನಾ ಓದಿ ಓದಿ ನನಗೂ ಸಾಕಾಗಿತ್ತು. ಯಾರ ಮುಂದೂ ಅಂದಿರಲಿಲ್ಲ.”

ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ಲಕೋಟೆಯ ಕಡೆ ನೋಡಿ ಮತ್ತೆ ಹೇಳಿದಳು: “ಈ ಅಮಾಸಿ ನಿನ್ನ ಪಗಾರ ತುಂಬತೈತಿ. ಮುಂದಿನ ಅಮಾಸಿ? ಅದರ ಮುಂದಿಂದು?”

ಆಮೇಲೆ ಅವ್ವ ತಂಗಿಯನ್ನು ಕೇಳಿದಳು, “ಕಡಕ್ ರೊಟ್ಟಿ ಎಲ್ಲಿಂದ ತರ್ತಿ?”

“ಸೋಲಾಪುರದಿಂದ ಬರ್ತಾವ.”

“ಬಿಡು ಅವನ್ನ. ನಾ ಬಡದು ಒಣಗಿಸಿ ದಿನಾ ಬುಟ್ಟಿ ಕಳಸ್ತೀನಿ. ನಿನ್ನ ಗಿರಾಕಿಗೆ ನನ್ನ ರೊಟ್ಟಿ ತಿನಿಸು. ಉಳದ ರೊಕ್ಕ ಅದರಾಗ ತೀರ್ಲಿ. ನೀ ನನ್ನ ಕಡೆಯಿಂದ ಏನೂ ತಗೊಳ್ಳಲಿಲ್ಲಂದ್ರ ನಾ ಎಲ್ಲಿಂದ ತೀರಸ್ಲಿ?”

ಚಿಗವ್ವ ತಲೆಯಾಡಿಸಿದಳು. ಅವ್ವ ನನ್ನ ಕಡೆ ತಿರುಗಿ, “ಹಲಗಿ ತಾ” ಎಂದಳು.

ಹಿಟ್ಟಿನ ಡಬ್ಬಿಗಳ ಹಿಂದಿನಿಂದ ಹಲಗೆ ಎಳೆದು ತಂದೆ. ಮೈತುಂಬ ಜೋಳದ ಹಿಟ್ಟಿನ ಧೂಳು. ಒರೆಸಿದೆ. ಅವ್ವ ಸೀಮೆಸುಣ್ಣ ಹುಡುಕಿ ನನ್ನ ಕೈಗೇ ಕೊಟ್ಟಳು.

“ಅಳಿಸಿದಾಕಿ ನೀನ. ನೀನ ಬರಿ.”

“ಹಿಂದಿನಂಗ ಬರೀಲಿ, ಐದಕ್ಕ ನಾಕು” ಎಂದಳು ಚಿಗವ್ವ.

“ಇಲ್ಲ. ಮೂರಕ್ಕ ಎರಡು.”

“ಬ್ಯಾಡ ಅಕ್ಕಾ! ಅಷ್ಟ್ ಕಡಿಮಿ ಬ್ಯಾಡ. ಜನ ಏನಂದಾರು? ಐದಕ್ಕ ನಾಕ ಇರ್ಲಿ.”

“ಮೂರಕ್ಕ ಎರಡು ಅಂದೆ.”

ಎಷ್ಟು ಅಮಾವಾಸ್ಯೆ ಅವರ ಚೌಕಾಸಿ ನೋಡಿದ್ದೆ! ಯಾವಾಗಲೂ ತಂತಮ್ಮ ಕೂಪನ್ನೇ ಮೇಲೆಂದು ಇಬ್ಬರೂ ಹಟ ಹಿಡಿಯುತ್ತಿದ್ದರು. ಆ ದಿನ ಅವ್ವ ತನ್ನದನ್ನು ಇಳಿಸಲು, ಚಿಗವ್ವ ಅದನ್ನು ಏರಿಸಲು ಜಗಳವಾಡಿದರು. ನಗು ಬರಬೇಕಿತ್ತು, ಬರಲಿಲ್ಲ. ಕೊನೆಗೆ ಗೆದ್ದವಳು ಹಿರಿಯವಳೇ.

ಆ ಮೂರಕ್ಕೆ ಎರಡೇ ನಮ್ಮ ಬಾಗಿಲನ್ನು ಉಳಿಸಿತು. ಚಿಗವ್ವನ ಮಾಲೀಕ ಅರ್ಧ ಅಡ್ವಾನ್ಸ್ ತೆಗೆದುಕೊಂಡು ಉಳಿದದ್ದಕ್ಕೆ ಕಂತು ಒಪ್ಪಿದ. ಹಸಿರು ಕೂಪನ್ ಮುಗಿಯುವವರೆಗೂ ಇಬ್ಬರೂ ಮರ್ಯಾದೆಯಿಂದ ಉಣ್ಣಿಸಿದರು. ಆಮೇಲೆ ಮತ್ತೆ ಬಂದ ಹಳದಿ ಪುಸ್ತಕ ಅಗ್ಗವೆಂದು ಕಾಲೇಜು ಮಕ್ಕಳು, ಬಟ್ಟೆ ಅಂಗಡಿಯ ಗುಮಾಸ್ತರು ಹುಡುಕಿಕೊಂಡು ಬಂದರು. ಮೆಹದಿಪಟ್ಟಣಂನವರು ಭಾನುವಾರ ಕೆಂಪು ಹಿಡಿದು ಬಂದರು. ಒಂದೂವರೆ ವರ್ಷ ಪ್ರತಿ ಮುಂಜಾನೆ ಕಡಕ್ ರೊಟ್ಟಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಬಸ್ಸಿನಲ್ಲಿ ಒಯ್ದು, ಚಿಗವ್ವನಿಗೆ ಕೊಟ್ಟು, ಅಲ್ಲಿಂದ ಆಫೀಸಿಗೆ ಹೋಗುತ್ತಿದ್ದೆ. ಅವ್ವನ ಮಣಿಕಟ್ಟು ಮಾತ್ರ ಮೊದಲಿನಂತೆ ಆಗಲಿಲ್ಲ. ಈಗಲೂ ಲೋಟ ಎತ್ತುವಾಗ ಅವಳು ಎರಡೂ ಕೈ ಹಚ್ಚುತ್ತಾಳೆ.

ಆದರೆ ಆ ಮಧ್ಯಾಹ್ನ ಇದೊಂದೂ ಗೊತ್ತಿರಲಿಲ್ಲ. ನಾನು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಹಿಂದೆ ಅಕ್ಕತಂಗಿ ತಣ್ಣಗಾದ ತಾಟಿನ ಮುಂದೆ ಕೂತು ತುತ್ತು ಮುರಿಯತೊಡಗಿದ್ದರು. ಮೂರು ಹಳದಿಗೆ ಎರಡು ಕೆಂಪು ಎಂದು ಬರೆದೆ. ನಾಚಿಕೆಗೆ ಅಕ್ಷರ ತಾವಾಗಿಯೇ ಸಣ್ಣವಾಗಿ ಒಂದು ಮೂಲೆಗೆ ಸೇರಿದ್ದವು. ಅವ್ವ ಊಟ ಬಿಟ್ಟೆದ್ದು, ನನ್ನ ಹಿಂದೆ ಬಂದು ನಿಂತು, ಕಣ್ಣು ಕಿರಿದು ಮಾಡಿ ಓದಿದಳು.

“ಇಷ್ಟ್ ಸಣ್ಣಂಗ ಬರದ್ರ ಯಾರಿಗಿ ಕಾಣಬೇಕು?” ಎಂದಳು. “ಅಳಿಸು. ರಸ್ತಾದಾಗ ಹೋಗಾವ್ರಿಗೂ ಕಾಣೂಹಂಗ ದೊಡ್ಡದಾಗಿ ಬರಿ.”